ಸ್ವಲೀನ ಶಿಶುವೂ ಮರೆಯ ಪ್ರತಿಭೆಯೂ: ಗುಜರಾತು ಕರ್ನಾಟಕಗಳಿಂದ ಕಂಡ ಒಂದು ಚರಿತ್ರೆ

೧

ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರು ಈ ನಾಡಿನೊಡನೆ ತಮಗಿರುವ ಹಳೆಯ ಸಂಬಂಧವನ್ನು ನೆನೆಯುವಾಗ ಲಾಟದೇಶವನ್ನಾಳಿದ ರಾಷ್ಟ್ರಕೂಟ ಶಾಖೆಯ ತಾಮ್ರಪಟಗಳನ್ನು ಮುಂದಿಡುವುದು ವಾಡಿಕೆ. ಅದು ಉಚಿತವೇ ಆಗಿದೆ. ಆದರೆ ಅರಸುಮನೆತನಗಳಿಗೆ ಇರುವಂತೆ ಮನೆಯ ತೊಟ್ಟಿಲಿಗೂ ಒಂದು ಚರಿತ್ರೆಯುಂಟು. ಯಾವ ಮಗುವನ್ನು ಜಾಣನೆಂದು ಕರೆದರು, ಯಾವುದನ್ನು ಪೆದ್ದನೆಂದು ಮೂಲೆಗೆ ತಳ್ಳಿದರು, ಯಾರ ಮೌನವನ್ನು ಗ್ರಹಚಾರವೆಂದು ಎಣಿಸಿದರು ಎಂಬ ಸಂಗತಿಗಳಿಂದಲೂ ಒಂದು ಸಮಾಜದ ಅಂತರಂಗವನ್ನು ಅಳೆಯಬಹುದು. ಅಂಥ ಚರಿತ್ರೆಯ ಒಂದು ಎಳೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ‘ಆಟಿಸಂ’ ಎಂದು ಹೆಸರಾದ ಸ್ಥಿತಿಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಮಾತು ಬಳಕೆಗೆ ಬಂದಿದೆ. ಸ್ವಿಟ್ಸರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಎಂಬಾತನು ಕಳೆದ ಶತಮಾನದ ಆದಿಯಲ್ಲಿ, ‘ತಾನು’ ಎಂಬರ್ಥದ ಗ್ರೀಕ್ ಶಬ್ದದಿಂದ ಮೂಲಪದವನ್ನು ಕಟ್ಟಿದನು. ಆತನು ಅದನ್ನು ಬಳಸಿದ್ದು ಬೇರೊಂದು ಮನೋರೋಗದ ಲಕ್ಷಣವನ್ನು ಸೂಚಿಸಲು. ಮಕ್ಕಳ ಈ ಸ್ಥಿತಿಗೆ ಅದು ಹೆಸರಾದದ್ದು ಆಮೇಲೆ. ಕನ್ನಡದ ಪದವು ಮೂಲಕ್ಕೆ ನಿಷ್ಠವಾಗಿದೆಯಾದರೂ ಮೂಲದ ಕುಂದನ್ನೂ ಹೊತ್ತುಕೊಂಡು ಬಂದಿದೆ. ತನ್ನಲ್ಲೇ ಲೀನವಾದ ಮಗು ಎಂದರೆ ಹೊರಲೋಕ ಬೇಡವೆಂದು ತಾನೇ ಬಾಗಿಲಿಕ್ಕಿಕೊಂಡ ಮಗು ಎಂಬ ಭಾವನೆ ಬರುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಇದು ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆಯಲ್ಲಿ ಇರುವ ಒಂದು ಭೇದ. ಕರೆದರೆ ತಿರುಗಿ ನೋಡದಿರುವುದು, ಬೇಕಾದುದನ್ನು ಬೆರಳಿಟ್ಟು ತೋರಿಸದಿರುವುದು, ಮಾತು ತಡವಾಗುವುದು ಅಥವಾ ಬಾರದೇ ಹೋಗುವುದು, ಕೇಳಿದ ಮಾತನ್ನೇ ಮರಳಿ ಹೇಳುವುದು, ದಿನಚರಿ ತುಸು ಬದಲಾದರೂ ತಳಮಳಗೊಳ್ಳುವುದು, ಕುಕ್ಕರಿನ ಸೀಟಿ ಅಥವಾ ಪಟಾಕಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವುದು, ಇವು ಅದರ ಸಾಮಾನ್ಯ ಚಿಹ್ನೆಗಳು. ಇವೆಲ್ಲವೂ ಎಲ್ಲರಲ್ಲಿ ಇರಬೇಕೆಂದಿಲ್ಲ; ಇದ್ದರೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಈ ಸ್ಥಿತಿ ಇದೆಯೆಂಬುದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಅಂದಾಜು.

ಇಂಥ ಮಗುವಿನ ವಿಷಯ ಬಂದಾಗಲೆಲ್ಲ ಹಿತೈಷಿಗಳು ಹೇಳುವ ಒಂದು ಸಾಂತ್ವನದ ಮಾತುಂಟು: “ಚಿಂತೆ ಬೇಡ, ಇಂಥವರಲ್ಲಿ ಏನಾದರೂ ಒಂದು ಅಸಾಧಾರಣ ಪ್ರತಿಭೆ ಅಡಗಿರುತ್ತದೆ.” ಈ ಮಾತಿನಲ್ಲಿ ಸತ್ಯದ ಅಂಶವಿದೆ, ಅಪಾಯದ ಅಂಶವೂ ಇದೆ. ಪ್ರತಿಭೆಯ ಹುಡುಕಾಟವು ಕೆಲವು ಮಕ್ಕಳನ್ನು ಎತ್ತಿಹಿಡಿದಂತೆಯೇ, ಪ್ರತಿಭೆ ಕಾಣದ ಮಕ್ಕಳನ್ನು ಕೈಬಿಡುವುದಕ್ಕೂ ನೆಪವಾದದ್ದುಂಟು. ಈ ಎರಡೂ ಮುಖಗಳನ್ನು ಒಟ್ಟಿಗೆ ನೋಡದೆ ಈ ಚರಿತ್ರೆ ತಿಳಿಯುವಂತಿಲ್ಲ.

೨

ಕಥೆಯ ಆರಂಭಕ್ಕಾಗಿ ಫ್ರಾನ್ಸ್ ದೇಶಕ್ಕೆ ಹೋಗಬೇಕು. ೧೮೦೦ರಲ್ಲಿ ಅಲ್ಲಿನ ಅವೆರಾನ್ ಪ್ರಾಂತದ ಕಾಡಿನಿಂದ ಮಾತಿಲ್ಲದ ಒಬ್ಬ ಬಾಲಕನನ್ನು ಹಿಡಿದು ತಂದರು. ಇತಾರ್ ಎಂಬ ತರುಣ ವೈದ್ಯನು ಪ್ಯಾರಿಸಿನಲ್ಲಿ ಐದು ವರ್ಷಗಳ ಕಾಲ ಆತನಿಗೆ ಪಾಠ ಹೇಳಿದನು. ಮರದಲ್ಲಿ ಕೊರೆದ ಆಕಾರಗಳು, ಅಕ್ಷರದ ಹಲಗೆಗಳು, ತಣ್ಣನೆಯ ಮತ್ತು ಬಿಸಿಯ ವಸ್ತುಗಳು, ಹೀಗೆ ಇಂದ್ರಿಯಗಳ ಮೂಲಕ ಬುದ್ಧಿಯನ್ನು ಮುಟ್ಟುವ ಯತ್ನ ಅದು. ಹುಡುಗನಿಗೆ ಮಾತು ಬರಲಿಲ್ಲ. ಇತಾರನು ನಿರಾಶನಾಗಿ ಕೈಬಿಟ್ಟನು. ಆದರೆ ಹುಡುಗನನ್ನು ನೋಡಿಕೊಳ್ಳುತ್ತಿದ್ದ ಗೆರಾಂ ಎಂಬ ಗೃಹಿಣಿ ಕೈಬಿಡಲಿಲ್ಲ. ೧೮೨೮ರಲ್ಲಿ ಆತನು ತೀರಿಕೊಳ್ಳುವವರೆಗೂ ಆಕೆಯೇ ಸಾಕಿದಳು. ಆ ಬಾಲಕನು ಸ್ವಲೀನನಾಗಿದ್ದಿರಬೇಕೆಂದು ಈಚಿನ ಕೆಲವು ವಿದ್ವಾಂಸರ ಊಹೆ. ಊಹೆ ಹೇಗಾದರೂ ಇರಲಿ, ಗುರುವು ಪ್ರತಿಫಲ ಕಾಣದೆ ಹಿಂದೆಗೆದುದೂ ಸಾಕಿದಾಕೆಯು ಪ್ರತಿಫಲ ಕೇಳದೆ ಉಳಿದುದೂ ಮುಂದಿನ ಎರಡು ಶತಮಾನಗಳ ಕಥೆಗೆ ಪೀಠಿಕೆಯಂತಿವೆ.

ಇತಾರನ ಉಪಕರಣಗಳು ವ್ಯರ್ಥವಾಗಲಿಲ್ಲ. ಅವನ ಮಾರ್ಗವನ್ನು ಹಿಡಿದ ಸೆಗಾಂ ಎಂಬಾತನು ಅವನ್ನು ಬುದ್ಧಿಮಾಂದ್ಯರೆನಿಸಿದ ಮಕ್ಕಳ ಶಿಕ್ಷಣಕ್ಕೆ ಒಗ್ಗಿಸಿದನು. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸರಿ ಇವರಿಬ್ಬರ ಗ್ರಂಥಗಳನ್ನು ಅಭ್ಯಾಸ ಮಾಡಿ, ರೋಮಿನ ಅಂಥ ಮಕ್ಕಳಲ್ಲೇ ಮೊದಲು ಪ್ರಯೋಗಿಸಿ, ಅನಂತರ ೧೯೦೭ರಲ್ಲಿ ಸಾಮಾನ್ಯ ಮಕ್ಕಳಿಗಾಗಿ ತಮ್ಮ ಪ್ರಸಿದ್ಧ ಶಿಶುಗೃಹವನ್ನು ತೆರೆದರು.

ಇಲ್ಲಿ ಗುಜರಾತು ನಮ್ಮ ಕಥೆಯನ್ನು ಸೇರುತ್ತದೆ. ಭಾವನಗರದಲ್ಲಿ ವಕೀಲರಾಗಿದ್ದ ಗಿಜುಭಾಯಿ ಬಧೇಕಾ ಅವರು ಮಾಂಟೆಸರಿಯ ವಿಚಾರಗಳಿಗೆ ಮನಸೋತು, ೧೯೨೦ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ‘ಮೀಸೆಯ ತಾಯಿ’ ಎಂದು ಗುಜರಾತಿಗಳು ಇಂದಿಗೂ ಅಕ್ಕರೆಯಿಂದ ಕರೆಯುವ ಈ ಮಹನೀಯರು ೧೯೩೯ರಲ್ಲಿ ನಿಧನರಾದರು. ಅದೇ ವರ್ಷ ಮಾಂಟೆಸರಿಯವರು ಭಾರತಕ್ಕೆ ಬಂದರು. ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದರು. ಅಹಮದಾಬಾದಿನ ಸಾರಾಭಾಯಿ ಮನೆತನವು ಆ ಪದ್ಧತಿಯನ್ನು ಆದರಿಸಿ ತಮ್ಮ ಮಕ್ಕಳ ಗೃಹಶಾಲೆಯಲ್ಲಿಯೇ ಅದಕ್ಕೆ ಎಡೆಕೊಟ್ಟಿತು.

ಈ ಪರಂಪರೆಯಲ್ಲಿ ಒಂದು ವಿಪರ್ಯಾಸವಿದೆ. ಮಾತು ಬಾರದ ಒಬ್ಬ ಬಾಲಕನಿಗಾಗಿ ಹುಟ್ಟಿ, ಬುದ್ಧಿಮಾಂದ್ಯರೆನಿಸಿದವರ ಕೈಯಲ್ಲಿ ಪಳಗಿದ ಆ ಮರದ ಅಚ್ಚುಗಳೇ ನಮ್ಮ ಶಿಶುವಿಹಾರಗಳ ಆಟಿಕೆಗಳಾದುವು. ಆದರೆ ಶಿಶುವಿಹಾರಗಳು ಹೆಚ್ಚಾಗಿ ಸಾಮಾನ್ಯ ಮಕ್ಕಳ ಶಾಲೆಗಳಾಗಿಯೇ ಬೆಳೆದುವು. ಯಾರ ದೆಸೆಯಿಂದ ಆ ವಿದ್ಯೆ ಲೋಕಕ್ಕೆ ದೊರೆಯಿತೋ ಅಂಥ ಮಕ್ಕಳಿಗೆ ಅಲ್ಲಿ ಜಾಗ ಸಿಗುವುದು ಅಪರೂಪವಾಯಿತು.

೩

ಸ್ವಲೀನತೆಯನ್ನು ಪ್ರತ್ಯೇಕವಾದ ಒಂದು ಸ್ಥಿತಿಯೆಂದು ಗುರುತಿಸಿದ ಎರಡು ಪ್ರಸಿದ್ಧ ಲೇಖನಗಳು ಎರಡನೆಯ ಮಹಾಯುದ್ಧದ ಮಧ್ಯದಲ್ಲಿ ಬಂದುವು. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ೧೯೪೪ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ನಾಲ್ವರು ಬಾಲಕರನ್ನು ಕುರಿತು ಬರೆದನು. ಕುತೂಹಲದ ಸಂಗತಿಯೆಂದರೆ, ಅದೇ ೧೯೪೪ರಲ್ಲಿ ನಮ್ಮ ಡಾರ್ಜಿಲಿಂಗಿನಲ್ಲಿದ್ದ ವಿಯೆನ್ನಾ ಮೂಲದ ವೈದ್ಯ ರೊನಾಲ್ಡ್ ಎಂಬಾತನು ಸಾಮಾನ್ಯರಿಗಿಂತ ಭಿನ್ನವಾದ ಮಕ್ಕಳನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದನು. ‘ಆಟಿಸಂ’ ಎಂಬ ಹೆಸರು ಅದರಲ್ಲಿಲ್ಲ. ಆದರೂ ಭಾರತದಲ್ಲಿ ಈ ವಿಷಯದ ಚರಿತ್ರೆಯನ್ನು ಬರೆಯುವವರು ಅದನ್ನೇ ಮೊದಲ ಮೆಟ್ಟಿಲೆಂದು ಎಣಿಸುವರು.

ಕ್ಯಾನರನ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ೧೯೩೩ರಲ್ಲಿ ಅಮೆರಿಕದ ಮಿಸಿಸಿಪ್ಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದವನು. ನಾಲ್ಕು ವರ್ಷ ತುಂಬುವ ಮೊದಲೇ ವೈದ್ಯರ ಸಲಹೆಯಂತೆ ಅವನನ್ನು ಆಶ್ರಮವೊಂದಕ್ಕೆ ಸೇರಿಸಿದರು. ಸುಮಾರು ಒಂದು ವರ್ಷದ ಮೇಲೆ ತಂದೆತಾಯಿಗಳು, ಸಂಸ್ಥೆಯವರ ಮಾತನ್ನು ಮೀರಿ ಮನೆಗೆ ಕರೆತಂದರು. ಕೆಲವು ಕಾಲ ಒಂದು ರೈತ ದಂಪತಿಗಳ ಮನೆಯಲ್ಲಿ ಇರಿಸಿದರು. ಆ ರೈತನ ಉಪಾಯವನ್ನು ಕ್ಯಾನರನು ಬಹಳವಾಗಿ ಮೆಚ್ಚಿಕೊಂಡನು. ಹುಡುಗನಿಗೆ ಅಳತೆಯ ಹುಚ್ಚು. ರೈತನು ಬಾವಿಯ ಆಳವನ್ನು ಅಳೆಯಲು ಹಚ್ಚಿದನು. ಹುಡುಗನಿಗೆ ಎಣಿಕೆಯ ಹುಚ್ಚು; ಉಳುವಾಗ ಜೋಳದ ಸಾಲುಗಳನ್ನು ಎಣಿಸುವಂತೆ ಮಾಡಿದನು. ಎಣಿಸುತ್ತ ಎಣಿಸುತ್ತ ಹುಡುಗನು ನೇಗಿಲು ಹೊಡೆಯುವುದನ್ನೂ ಕುದುರೆಯನ್ನು ನಡೆಸುವುದನ್ನೂ ಕಲಿತನು. ಮಗುವಿನ ಗೀಳನ್ನು ಬೈದು ಬಿಡಿಸದೆ ಅದನ್ನೇ ಕೆಲಸಕ್ಕೆ ಕಟ್ಟಿದ ಈ ರೈತನು ಯಾವ ಮನಶ್ಶಾಸ್ತ್ರವನ್ನೂ ಓದಿದವನಲ್ಲ.

ಡೊನಾಲ್ಡನು ಮುಂದೆ ಕಾಲೇಜು ಮುಗಿಸಿ, ತನ್ನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡುತ್ತ, ಒಬ್ಬನೇ ದೇಶಾಂತರಗಳನ್ನು ಸುತ್ತಿ, ೨೦೨೩ರಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನನ್ನು ಕುರಿತ ಒಂದು ದಂತಕಥೆ ಆ ಊರಿನಲ್ಲಿ ಪ್ರಚಲಿತವಾಗಿತ್ತು. ಶಾಲೆಯ ಹುಡುಗರು ಕಟ್ಟಡವನ್ನು ತೋರಿಸಿ ಅದರಲ್ಲಿ ಎಷ್ಟು ಇಟ್ಟಿಗೆಗಳಿವೆ ಎಂದು ಕೇಳಿದರಂತೆ; ಇವನು ಒಮ್ಮೆ ನೋಡಿ ತಟಕ್ಕನೆ ಸಂಖ್ಯೆಯನ್ನು ಹೇಳಿಬಿಟ್ಟನಂತೆ. ಊರೆಲ್ಲ ಬೆರಗಾಯಿತು. ಮುಪ್ಪಿನಲ್ಲಿ ಅವನ ಜೀವನವನ್ನು ಬರೆಯಲು ಬಂದವರು ಆ ಸಂಗತಿಯನ್ನು ವಿಚಾರಿಸಿದಾಗ, ಆ ಸಂಖ್ಯೆಯನ್ನು ಬಾಯಿಗೆ ಬಂದಂತೆ ಹೇಳಿದ್ದಾಗಿಯೂ, ಆ ಹುಡುಗರು ತನ್ನನ್ನು ಒಳ್ಳೆಯವನೆಂದು ಭಾವಿಸಲಿ ಎಂಬುದಷ್ಟೇ ತನ್ನ ಆಸೆಯಾಗಿದ್ದಿತೆಂದೂ ಆತನು ಹೇಳಿದನು.

ಈ ಉತ್ತರವನ್ನು ನಾವು ನಿಧಾನವಾಗಿ ವಿಚಾರಮಾಡಬೇಕು. ಸ್ವಲೀನ ಮಗುವಿಗೆ ಇತರರ ಸಹವಾಸ ಬೇಡ ಎಂಬ ನಂಬಿಕೆಯನ್ನು ಅದು ಸುಳ್ಳಾಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಹವಾಸ ದೊರೆಯಬೇಕಾದರೆ ಪವಾಡವನ್ನು ತೋರಿಸಬೇಕೆಂದು ಒಂದು ಮಗು ಎಳವೆಯಲ್ಲೇ ಅರಿತುಕೊಂಡಿತ್ತು ಎಂಬುದನ್ನೂ ತಿಳಿಸುತ್ತದೆ. ಪ್ರತಿಭೆಯೆಂಬುದು ಅಲ್ಲಿ ಒಳಗೆ ಬರುವುದಕ್ಕೆ ತೆರಬೇಕಾದ ಸುಂಕವಾಗಿತ್ತು.

೪

ವಿಯೆನ್ನಾದಲ್ಲಿ ಈ ಸುಂಕದ ಲೆಕ್ಕ ಕ್ರೂರವಾಗಿ ಪರಿಣಮಿಸಿತು. ಆಸ್ಪರ್ಗರನು ತನ್ನ ಬಾಲಕರನ್ನು ‘ಪುಟ್ಟ ಪಂಡಿತರು’ ಎಂದು ಕರೆದನೆಂಬ ಮಾತು ಪ್ರಸಿದ್ಧವಾಗಿದೆ. ಅವರಲ್ಲಿ ಕೆಲವರ ವಿಶೇಷ ಬುದ್ಧಿ ಸಮಾಜಕ್ಕೆ ಉಪಯುಕ್ತವೆಂದು ಆತನು ವಾದಿಸಿದನು. ನಾಜಿ ಆಡಳಿತದ ಎದುರಿಗೆ ಮಕ್ಕಳನ್ನು ಉಳಿಸಲು ಹೂಡಿದ ವಾದವಿದು ಎಂದು ಬಹುಕಾಲ ಆತನನ್ನು ಹೊಗಳಿದುದುಂಟು. ಆದರೆ ೨೦೧೮ರಲ್ಲಿ ಹರ್ವಿಗ್ ಚೆಕ್ ಎಂಬ ಇತಿಹಾಸಕಾರನು ಅಲ್ಲಿನ ದಫ್ತರಗಳನ್ನು ಪರಿಶೋಧಿಸಿ ಪ್ರಕಟಿಸಿದ ಸಂಗತಿಗಳು ಬೇರೆಯಾಗಿವೆ. ವಿಯೆನ್ನಾದ ಶ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಯಲ್ಲಿ ಆ ವರ್ಷಗಳಲ್ಲಿ ೭೮೯ ಮಕ್ಕಳು ಸತ್ತರು; ಅನೇಕರನ್ನು ಕೊಂದದ್ದು. ಅಲ್ಲಿಗೆ ಮಕ್ಕಳನ್ನು ಕಳುಹಿಸಿಕೊಟ್ಟ ವೈದ್ಯರಲ್ಲಿ ಆಸ್ಪರ್ಗರನೂ ಒಬ್ಬನು. ಉಪಯುಕ್ತವಾದ ಮಗುವನ್ನು ಉಳಿಸಬೇಕು ಎಂಬ ವಾದದ ಬೆನ್ನಿಗೆ, ಉಪಯುಕ್ತವಲ್ಲದ ಮಗು ಏಕೆ ಎಂಬ ಪ್ರಶ್ನೆ ನಿಂತೇ ಇತ್ತು.

ಅಮೆರಿಕದಲ್ಲಿ ಪೆಟ್ಟು ಬಿದ್ದುದು ತಾಯಂದಿರ ಮೇಲೆ. ಮಗುವಿನ ಈ ಸ್ಥಿತಿಗೆ ತಾಯಿಯ ಪ್ರೀತಿಶೂನ್ಯತೆಯೇ ಕಾರಣವೆಂಬ ಸಿದ್ಧಾಂತವು ೧೯೫೦ರ ಮತ್ತು ೧೯೬೦ರ ದಶಕಗಳಲ್ಲಿ ಪ್ರಬಲವಾಗಿತ್ತು. ಬ್ರೂನೋ ಬೆಟಲ್‌ಹೈಮ್ ಎಂಬಾತನ ೧೯೬೭ರ ಗ್ರಂಥದಿಂದ ಅದಕ್ಕೆ ಜನಪ್ರಿಯತೆ ಬಂದಿತು. ಅದನ್ನು ಒಡೆದವರಲ್ಲಿ ತಂದೆತಾಯಿಗಳೇ ಮುಂದಾಳುಗಳು ಎಂಬುದನ್ನು ಮರೆಯಬಾರದು. ಬರ್ನಾರ್ಡ್ ರಿಮ್‌ಲಂಡ್ ಮನಶ್ಶಾಸ್ತ್ರಜ್ಞನೂ ಹೌದು, ಸ್ವಲೀನ ಮಗನ ತಂದೆಯೂ ಹೌದು. ಇದು ಮಿದುಳಿಗೆ ಸಂಬಂಧಿಸಿದ ವಿಷಯವೆಂದು ೧೯೬೪ರಲ್ಲಿ ಗ್ರಂಥ ಬರೆದನು. ಇಂಗ್ಲೆಂಡಿನಲ್ಲಿ ೧೯೬೨ರಲ್ಲಿ ಹೆತ್ತವರು ಸೇರಿ ಕಟ್ಟಿದ ಸಂಘದಲ್ಲಿ ಮನೋವೈದ್ಯೆ ಲೋರ್ನಾ ವಿಂಗ್ ಇದ್ದರು. ಆಕೆಯ ಮಗಳೂ ಸ್ವಲೀನಳು. ೧೯೭೭ರಲ್ಲಿ ಫೋಲ್‌ಸ್ಟೈನ್ ಮತ್ತು ರಟ್ಟರ್ ೨೧ ಜೊತೆ ಅವಳಿಗಳನ್ನು ಪರೀಕ್ಷಿಸಿ, ವಂಶವಾಹಿಯ ಪಾತ್ರ ದೊಡ್ಡದೆಂದು ತೋರಿಸಿದರು. ತಾಯಿಯ ಮೇಲಣ ಅಪವಾದವು ಶಾಸ್ತ್ರದಿಂದ ಹೋಯಿತು. ನಮ್ಮ ನೆರೆಹೊರೆಯ ಮಾತುಗಳಿಂದ ಅದು ಪೂರ್ತಿಯಾಗಿ ಹೋಗಿದೆಯೆ ಎಂಬುದನ್ನು ವಾಚಕರೇ ಯೋಚಿಸಬೇಕು. ‘ತಾಯಿ ಕೆಲಸಕ್ಕೆ ಹೋಗುತ್ತಾಳೆ, ಮಗುವಿನೊಡನೆ ಮಾತನಾಡುವವರು ಇಲ್ಲ, ಅದಕ್ಕೇ ಹೀಗೆ’ ಎಂಬುದು ಅದೇ ಹಳೆಯ ಅಪವಾದದ ಮನೆಮಾತು.

ಇದೇ ಕಾಲದಲ್ಲಿ ಅಹಮದಾಬಾದಿನಲ್ಲಿ ಮಕ್ಕಳ ಮನಸ್ಸಿನ ಅಧ್ಯಯನಕ್ಕೆ ಒಂದು ಮನೆ ಸಿದ್ಧವಾಯಿತು. ಗೌತಮ ಸಾರಾಭಾಯಿ ಮತ್ತು ಕಮಲಿನಿ ಸಾರಾಭಾಯಿ ಅವರ ಪ್ರಯತ್ನದಿಂದ ೧೯೫೧ರಲ್ಲಿ ಸ್ಥಾಪಿತವಾದ ಬಿ. ಎಂ. ಸಂಸ್ಥೆಯೇ ಅದು. ಗೌತಮರ ಸೋದರ ವಿಕ್ರಮ ಸಾರಾಭಾಯಿಯವರ ಭೌತ ಸಂಶೋಧನಾಲಯಕ್ಕೆ ಉಡುಪಿಯ ಕಡೆಯ ಯು. ಆರ್. ರಾಯರು ಬಂದು ವಿದ್ಯೆ ಸಂಪಾದಿಸಿದ ಕಥೆ ಇಲ್ಲಿನ ಕನ್ನಡಿಗರಿಗೆ ಬಾಯಿಪಾಠ. ಅಂತರಿಕ್ಷವನ್ನು ಅಳೆದ ಆ ಮನೆತನವೇ ಶಿಶುವಿನ ಅಂತರಂಗವನ್ನೂ ಅರಿಯಲು ಹೊರಟಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ೧೯೬೨ರಲ್ಲಿ ಮಾನವಜೀವನದ ಹಂತಗಳನ್ನು ಕುರಿತ ವಿಚಾರಗೋಷ್ಠಿಗೆ ಎರಿಕ್ ಎರಿಕ್ಸನ್ ಈ ನಗರಕ್ಕೆ ಬಂದನು. ಗಾಂಧೀಜಿಯವರನ್ನು ಕುರಿತ ಆತನ ಗ್ರಂಥಕ್ಕೆ ಬೀಜ ಬಿದ್ದುದೂ ಆಗಲೇ. ೧೮೬೩ರಿಂದ ಹುಚ್ಚಾಸ್ಪತ್ರೆಯೊಂದನ್ನು ಮಾತ್ರ ಕಂಡಿದ್ದ ನಗರಕ್ಕೆ, ಮಗುವನ್ನು ಕೂಡಿಹಾಕದೆ ಮನೆಯವರೊಡನೆ ಕೂಡಿಸಿ ನೋಡುವ ದೃಷ್ಟಿ ಹೊಸದಾಗಿತ್ತು.

೫

ಕರ್ನಾಟಕದ ಕಡೆಗೆ ತಿರುಗೋಣ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು; ೧೯೭೪ರಲ್ಲಿ ಅದು ನಿಮ್ಹಾನ್ಸ್ ಆಯಿತು. ಮೈಸೂರಿನ ಮಾನಸಗಂಗೋತ್ರಿಯ ಆವರಣದಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದುದು ೧೯೬೫ರಲ್ಲಿ. ಮಾತು ಬಾರದ ಮಕ್ಕಳನ್ನು ಕರೆದುಕೊಂಡು ದೇಶದ ನಾನಾ ಕಡೆಗಳಿಂದ ಹೆತ್ತವರು ಮೈಸೂರಿಗೆ ಬರುವುದು ಅಂದಿನಿಂದ ಮೊದಲಾಯಿತು.

ಹಾಗೆ ಬಂದವರಲ್ಲಿ ಸೋಮಾ ಮುಖೋಪಾಧ್ಯಾಯ ಎಂಬ ತಾಯಿಯೂ ಒಬ್ಬರು. ಅವರ ಮಗ ಟೀಟೋ ರಾಜರ್ಷಿ ಮುಖೋಪಾಧ್ಯಾಯ ಹುಟ್ಟಿದುದು ೧೯೮೯ರಲ್ಲಿ. ಮಾತಿಲ್ಲ, ಮೈ ನಿಲ್ಲುವುದಿಲ್ಲ. ತಾಯಿ ಅವನಿಗೆ ಪುಸ್ತಕಗಳನ್ನು ಓದಿ ಹೇಳಿದರು, ಅಕ್ಷರಫಲಕವನ್ನು ಮುಂದಿಟ್ಟರು, ಬೆರಳಿಗೆ ಪೆನ್ಸಿಲು ಕಟ್ಟಿ ಬರೆಯಿಸಿದರು. ಮೈಸೂರಿನಲ್ಲಿ ಪ್ರತಿಭಾ ಕಾರಂತ ಅವರು ಆ ಹುಡುಗನನ್ನು ಪರೀಕ್ಷಿಸಿ ತರಬೇತಿಗೆ ನೆರವಾದರು. ೨೦೦೦ದಲ್ಲಿ ಲಂಡನ್ನಿನ ರಾಷ್ಟ್ರೀಯ ಸ್ವಲೀನತಾ ಸಂಘವು ಅವನ ಮೊದಲ ಪುಸ್ತಕವನ್ನು ಪ್ರಕಟಿಸಿತು. ಬಿಬಿಸಿ ಅವನನ್ನು ಕುರಿತು ಚಿತ್ರವೊಂದನ್ನು ಪ್ರಸಾರ ಮಾಡಿತು. ೨೦೦೧ರಲ್ಲಿ ತಾಯಿ ಮಗ ಅಮೆರಿಕಕ್ಕೆ ಹೋದರು. ಹೀಗೆ ಕನ್ನಡ ನಾಡಿನಲ್ಲಿ ಬೆಳೆದ ಒಬ್ಬ ಮಾತಿಲ್ಲದ ಹುಡುಗನು ಗ್ರಂಥಕರ್ತನಾದನು.

ಮರೆಯಲ್ಲಿದ್ದ ಪ್ರತಿಭೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ ಎನ್ನಬಹುದು. ಆದರೆ ಚರಿತ್ರೆಯನ್ನು ಬರೆಯುವವರು ಎರಡು ಮಾತುಗಳನ್ನು ಸೇರಿಸಲೇಬೇಕು. ಮೊದಲನೆಯದು: ಸೋಮಾ ಅವರು ಮುಂದೆ ಅಮೆರಿಕದಲ್ಲಿ ಇತರ ಮಕ್ಕಳಿಗೂ ಬೋಧಿಸಿದ ಪದ್ಧತಿಯು ಕಟ್ಟುನಿಟ್ಟಾದ ಪರೀಕ್ಷೆಯಿಂದ ಸಿದ್ಧವಾಗಿಲ್ಲ. ಫಲಕವನ್ನು ಹಿಡಿದವರ ಸೂಚನೆಯೇ ಮಗುವಿನ ಉತ್ತರವಾಗಿಬಿಡುವ ಅಪಾಯವಿದೆಯೆಂದು, ಅಲ್ಲಿನ ವಾಕ್ ಶ್ರವಣ ತಜ್ಞರ ಸಂಘವು ೨೦೧೮ರಲ್ಲಿ ಅದನ್ನು ಬಳಸಬಾರದೆಂದು ಎಚ್ಚರಿಸಿತು. ಒಬ್ಬ ಮಗನ ಸಿದ್ಧಿಯನ್ನು ಎಲ್ಲ ಮಕ್ಕಳಿಗೂ ಔಷಧವೆಂದು ಮಾರುವುದು ಸಲ್ಲದು. ಎರಡನೆಯದು: ಪ್ರತಿಭಾ ಕಾರಂತರು ೨೦೦೦ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕಾಮ್ ಡೀಲ್’ ಎಂಬ ಯೋಜನೆಯು ಪವಾಡವನ್ನು ಅರಸಿ ಹೊರಟುದಲ್ಲ. ಎಳೆಯ ವಯಸ್ಸಿನಲ್ಲೇ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂಡಿಸಿ, ತಾಯಿ ಅಥವಾ ತಂದೆಯನ್ನು ಜೊತೆಯಲ್ಲೇ ಕೂರಿಸಿಕೊಂಡು, ದಿನವೂ ತುಸುತುಸುವಾಗಿ ಸಂವಹನವನ್ನೂ ಚಲನೆಯನ್ನೂ ಕಲಿಸಿ, ಸಾಮಾನ್ಯ ಶಾಲೆಗೆ ಸಿದ್ಧಪಡಿಸುವುದು ಅದರ ಗುರಿ. ವೃತ್ತಪತ್ರಿಕೆಗೆ ಇದು ದೊಡ್ಡ ಸುದ್ದಿಯಾಗದಿರಬಹುದು. ಮನೆಗೆ ಆಗುತ್ತದೆ.

೬

ಪ್ರತಿಭೆಯ ಪ್ರಮಾಣವನ್ನು ಎಣಿಸಿ ನೋಡಿದವರೂ ಇದ್ದಾರೆ. ರಿಮ್‌ಲಂಡನು ೧೯೭೮ರಲ್ಲಿ ಪ್ರಕಟಿಸಿದ ಲೆಕ್ಕದಂತೆ ೫,೪೦೦ ಸ್ವಲೀನ ಮಕ್ಕಳ ಪೈಕಿ ೫೩೧ ಮಕ್ಕಳಲ್ಲಿ ವಿಶೇಷ ಸಾಮರ್ಥ್ಯವಿದೆಯೆಂದು ಹೆತ್ತವರು ತಿಳಿಸಿದರು. ಅಂದರೆ ಹತ್ತಕ್ಕೆ ಒಂದು. ಇಂಗ್ಲೆಂಡಿನ ಪೆಟ್ರೀಷಿಯಾ ಹೌಲಿನ್ ಮತ್ತು ಸಂಗಡಿಗರು ೨೦೦೯ರಲ್ಲಿ ೧೩೭ ಜನರನ್ನು ಪರೀಕ್ಷಿಸಿ ೩೯ ಜನರಲ್ಲಿ ಯಾವುದಾದರೊಂದು ವಿಶೇಷ ಶಕ್ತಿಯನ್ನು ಕಂಡರು. ತಿಥಿವಾರಗಳ ಗಣನೆ, ಸ್ವರಜ್ಞಾನ, ಚಿತ್ರರಚನೆ, ನೆನಪು, ಇವು ಹೆಚ್ಚಾಗಿ ಕಾಣುವ ಬಗೆಗಳು. ಇದು ಅಲ್ಪವಲ್ಲ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ, ಹತ್ತರಲ್ಲಿ ಏಳು ಅಥವಾ ಎಂಟು, ಇಲ್ಲವೆ ಒಂಬತ್ತು ಮಕ್ಕಳಲ್ಲಿ ಅಂಥ ಬೆರಗಿನ ಶಕ್ತಿ ಇಲ್ಲವೆಂದಾಗುತ್ತದೆ. ಸಾಂತ್ವನದ ಮಾತು ಈ ಮನೆಗಳಲ್ಲಿ ಹೊಸ ದುಃಖವಾಗುತ್ತದೆ: ಮೊದಲು ಮಗುವಿನ ಮಾತಿಗೆ ಕಾದವರು ಆಮೇಲೆ ಮಗುವಿನ ಪವಾಡಕ್ಕೆ ಕಾಯಬೇಕು.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬುದು ನಮ್ಮ ಗಾದೆ. ಈ ಮಕ್ಕಳ ವಿಷಯದಲ್ಲಿ ಗಾದೆ ಅರ್ಧ ಮಾತ್ರ ಸರಿ. ಇಲ್ಲಿ ಮೊಳಕೆಯನ್ನು ನೋಡಿ ಸಿರಿಯನ್ನು ನಿರ್ಣಯಿಸುವಂತಿಲ್ಲ. ನೆಲ ಹೇಗಿದೆ ಎಂಬುದನ್ನು ಮೊದಲು ನೋಡಬೇಕು. ಬಾಯಿಂದ ಮಾತು ಬಾರದ ಮಗುವಿಗೆ ಚಿತ್ರದ ಚೀಟಿಗಳನ್ನು ಕೊಟ್ಟಾಗ, ಹಸಿವು ಬಾಯಾರಿಕೆಗಳನ್ನು ತೋರಿಸುವ ದಾರಿ ಸಿಕ್ಕಿ, ಅದರ ಚೀರಾಟ ಕಡಮೆಯಾಗುವುದುಂಟು. ನಾಳೆ ಏನು ನಡೆಯುವುದೆಂಬುದನ್ನು ಚಿತ್ರದಲ್ಲಿ ಬರೆದು ಗೋಡೆಗೆ ಅಂಟಿಸಿದರೆ, ಪ್ರಯಾಣದ ಭಯ ಇಳಿಯುವುದುಂಟು. ಹಾಗೆ ಶಾಂತಿ ದೊರೆತ ಮೇಲೆಯೇ ಮಗುವಿನ ಒಲವು ಯಾವ ಕಡೆಗಿದೆ ಎಂಬುದು ಕಾಣತೊಡಗುತ್ತದೆ. ಅನೇಕ ವೇಳೆ ‘ಮರೆಯ ಪ್ರತಿಭೆ’ ಎಂಬುದು ಮಗುವಿನೊಳಗೆ ಮರೆಯಾಗಿರುವುದಿಲ್ಲ; ನಾವು ಹೊರಗೆ ಕಟ್ಟಿದ ಗೋಡೆ ಅದನ್ನು ಮರೆಮಾಡಿರುತ್ತದೆ.

೭

ಇನ್ನು ನ್ಯಾಯದ ಮಾತು. ಇಲ್ಲಿ ಸೂರತ್ತು ಮತ್ತು ವಡೋದರಗಳನ್ನು ನೆನೆಯುವುದು ಉಚಿತ. ೧೮೯೭ರಲ್ಲಿ ಸೂರತ್ತಿನಲ್ಲಿ ಜನಿಸಿದ ಶ್ರೀಮತಿ ಹಂಸಾ ಮೆಹತಾ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ೧೯೪೮ರ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಪುರುಷವಾಚಕವಾದ ಶಬ್ದವಿತ್ತು. ಆಕೆ ಪಟ್ಟುಹಿಡಿದು ಅದನ್ನು ‘ಮಾನವರೆಲ್ಲರೂ’ ಎಂಬರ್ಥದ ಶಬ್ದಕ್ಕೆ ಬದಲಾಯಿಸಿದರು. ಸ್ತ್ರೀಯರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಆ ತಿದ್ದುಪಡಿಯ ಆಶ್ರಯಕ್ಕೆ ಈ ಮಕ್ಕಳೂ ಬರುತ್ತಾರೆ. ಆ ವಿಧಿಯಲ್ಲಿ ಪ್ರತಿಭೆಯ ಷರತ್ತು ಇಲ್ಲ. ಮರುವರ್ಷ ೧೯೪೯ರಲ್ಲಿ ವಡೋದರದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಆಕೆ ಅಧಿಕಾರ ವಹಿಸಿದರು. ಅಲ್ಲಿನ ಗೃಹವಿಜ್ಞಾನ ವಿಭಾಗದಲ್ಲಿ ಶಿಶುವಿನ ಬೆಳವಣಿಗೆಯು ವಿಶ್ವವಿದ್ಯಾಲಯದ ಅಭ್ಯಾಸವಿಷಯವಾಯಿತು. ‘ಚೇತನ್ ಬಾಲವಾಡಿ’ ಎಂಬ ಶಿಶುಶಾಲೆ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಾಯಿತು. ವಡೋದರಕ್ಕೆ ಇದು ತಕ್ಕುದೇ. ಸಯಾಜಿರಾಯರು ೧೮೯೩ರಲ್ಲಿ ಅಮ್ರೇಲಿ ಪ್ರಾಂತದಲ್ಲಿಯೂ ೧೯೦೬ರಲ್ಲಿ ಇಡೀ ಸಂಸ್ಥಾನದಲ್ಲಿಯೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದವರಲ್ಲವೆ?

ಆದರೆ ‘ಎಲ್ಲ ಮಕ್ಕಳು’ ಎಂಬ ಮಾತಿನೊಳಗೆ ಸ್ವಲೀನ ಮಗು ಸೇರಲು ಬಹುಕಾಲ ಹಿಡಿಯಿತು. ೧೯೯೫ರ ಅಂಗವಿಕಲರ ಅಧಿನಿಯಮವು ಏಳು ಬಗೆಯ ಊನಗಳನ್ನು ಹೆಸರಿಸಿತು. ಸ್ವಲೀನತೆಯ ಹೆಸರು ಅದರಲ್ಲಿ ಇರಲಿಲ್ಲ. ದಿಲ್ಲ಼ಿಯಲ್ಲಿ ಮೆರಿ ಬರುವಾ ಎಂಬ ತಾಯಿ ೧೯೯೧ರಲ್ಲಿ ಆರಂಭಿಸಿದ ‘ಆಕ್ಷನ್ ಫಾರ್ ಆಟಿಸಂ’ ಮೊದಲಾದ ಹೆತ್ತವರ ಸಂಘಗಳು ಸರಕಾರದ ಬಾಗಿಲು ತಟ್ಟಿದುವು. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಸ್ವಲೀನತೆಯನ್ನು ಹೆಸರಿಟ್ಟು ಕರೆದು, ವಯಸ್ಕರಾದವರಿಗೆ ಪೋಷಕರನ್ನು ನೇಮಿಸುವ ವ್ಯವಸ್ಥೆಯನ್ನು ಜಿಲ್ಲೆಗಳ ಮಟ್ಟದಲ್ಲಿ ಮಾಡಿತು. ‘ನಮ್ಮ ತರುವಾಯ ಈ ಮಗುವಿಗೆ ಯಾರು?’ ಎಂಬುದು ಪ್ರತಿಯೊಂದು ಇಂಥ ಮನೆಯಲ್ಲಿಯೂ ರಾತ್ರಿ ಏಳುವ ಪ್ರಶ್ನೆ. ಕಾನೂನು ಅದನ್ನು ಕಿವಿಗೆ ಹಾಕಿಕೊಂಡದ್ದು ಅಂದು. ೨೦೧೬ರ ಹೊಸ ಅಧಿನಿಯಮವು ೨೧ ಬಗೆಗಳಲ್ಲಿ ಸ್ವಲೀನತೆಯನ್ನೂ ಸೇರಿಸಿತು. ನಿಗದಿಯಾದ ಪ್ರಮಾಣದ ಊನವುಳ್ಳ ಮಕ್ಕಳಿಗೆ ೬ರಿಂದ ೧೮ ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಶಾಲೆಯವರು ‘ನಮ್ಮಲ್ಲಿ ಇಂಥವರಿಗೆ ಅನುಕೂಲವಿಲ್ಲ’ ಎಂದು ಹೇಳಿ ಕಳುಹಿಸುವುದು ಈಗ ಕೇವಲ ನಿಷ್ಠುರದ ಮಾತಲ್ಲ, ಕಾನೂನಿಗೆ ವಿರುದ್ಧವಾದ ಮಾತು.

೮

ಹೊರನಾಡಿನ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ಅದು ಭಾಷೆ. ಅಹಮದಾಬಾದು, ವಡೋದರ, ಸೂರತ್ತುಗಳ ಕನ್ನಡದ ಮನೆಯಲ್ಲಿ ಮಗುವಿನ ಕಿವಿಗೆ ಅಜ್ಜಿಯ ಕನ್ನಡ, ಅಂಗಳದ ಗುಜರಾತಿ, ದೂರದರ್ಶನದ ಹಿಂದಿ, ಶಾಲೆಯ ಇಂಗ್ಲಿಷು ಒಟ್ಟಿಗೆ ಬೀಳುತ್ತವೆ. ಮಾತು ತಡವಾದ ಮಗುವಿಗೆ ಇಷ್ಟು ಭಾಷೆಗಳು ಭಾರವೆಂದೂ, ಮನೆಮಾತನ್ನು ಬಿಟ್ಟು ಶಾಲೆಯ ಭಾಷೆಯೊಂದನ್ನೇ ಹಿಡಿಯಬೇಕೆಂದೂ ಸಲಹೆ ಕೊಡುವುದು ಬಹುಕಾಲದ ರೂಢಿ. ಹೀಗೆ ಮೊದಲು ಹೊರಗಾಗುವುದು ಕನ್ನಡ. ಆದರೆ ಕೆನಡಾದ ಮಾಂಟ್ರಿಯಲಿನಲ್ಲಿ ಹ್ಯಾಂಬ್ಲಿ ಮತ್ತು ಫೋಂಬೋನ್ ನಡೆಸಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನವೂ, ಅನಂತರದ ಇತರ ಅಧ್ಯಯನಗಳೂ ಈ ಭಯಕ್ಕೆ ಆಧಾರವನ್ನು ಕಾಣಲಿಲ್ಲ. ಎರಡು ಭಾಷೆಗಳ ನಡುವೆ ಬೆಳೆದ ಸ್ವಲೀನ ಮಕ್ಕಳು, ಒಂದೇ ಭಾಷೆಯಲ್ಲಿ ಬೆಳೆದ ಅಂಥ ಮಕ್ಕಳಿಗಿಂತ ಮಾತಿನಲ್ಲಿ ಹೆಚ್ಚಾಗಿ ಹಿಂದೆಬಿದ್ದಿರಲಿಲ್ಲ.

ಇದರ ಅರ್ಥವೇನು? ಮಗುವಿನ ನಾಲಗೆಗೆ ನೆರವಾಗದ ತ್ಯಾಗಕ್ಕಾಗಿ ಎಷ್ಟೋ ಮನೆಗಳು ತಮ್ಮ ಭಾಷೆಯನ್ನು ಕೊಟ್ಟುಬಿಟ್ಟಿವೆ. ಅಜ್ಜಿಗೆ ಬರುವುದು ಕನ್ನಡ ಮಾತ್ರ. ತಾಯಿ ದುಗುಡದಲ್ಲಿಯೂ ಅಕ್ಕರೆಯಲ್ಲಿಯೂ ಆಡುವ ಮಾತು ಕನ್ನಡ. ಊರಿಗೆ ಹೋದರೆ ಸುತ್ತಲಿನವರದೆಲ್ಲ ಕನ್ನಡ. ಆ ಭಾಷೆಯನ್ನು ಮಗುವಿನಿಂದ ತೆಗೆದರೆ, ಈಗಾಗಲೇ ಮಾತಿನ ಬಡತನವಿರುವ ಮಗುವಿಗೆ ಬಂಧುಗಳ ಬಡತನವನ್ನೂ ಕೂಡಿಸಿದಂತಾಗುತ್ತದೆ. ಮಾತು ಬಾರದ ಮಗುವಿಗೂ ಕೇಳುವ ಭಾಷೆಯೊಂದು ಬೇಕು. ಚಿತ್ರದ ಚೀಟಿಯ ಕೆಳಗೆ ‘ನೀರು’ ಎಂದು ಕನ್ನಡದಲ್ಲಿ ಬರೆದರೆ ಯಾವ ಹಾನಿಯೂ ಇಲ್ಲ.

ನಮ್ಮ ಸಂಘಗಳು ಕನ್ನಡವನ್ನು ಉಳಿಸುವ ಮಾತನ್ನು ರಾಜ್ಯೋತ್ಸವದಲ್ಲಿ ಆಡುತ್ತವೆ. ವೇದಿಕೆಯ ಮೇಲೆ ವಚನ ಹೇಳುವ, ಭರತನಾಟ್ಯ ಮಾಡುವ, ಬಹುಮಾನ ಪಡೆಯುವ ಮಕ್ಕಳಿಂದ ಸಭಾಂಗಣ ತುಂಬುತ್ತದೆ. ಸಂತೋಷವೇ. ಸ್ವಲೀನ ಮಗುವಿರುವ ಮನೆಯವರು ಆ ಸಭೆಗೆ ಬರುತ್ತಾರೆಯೆ? ಧ್ವನಿವರ್ಧಕದ ಆರ್ಭಟದಲ್ಲಿ ಮಗು ಚೀರಿದರೆ ಎಲ್ಲರೂ ಹಿಂದಿರುಗಿ ನೋಡುವರೆಂಬ ಸಂಕೋಚದಿಂದ ಒಂದು ವರ್ಷ ತಪ್ಪಿಸುತ್ತಾರೆ, ಮರುವರ್ಷವೂ ತಪ್ಪಿಸುತ್ತಾರೆ. ಕಡೆಗೆ ಸದಸ್ಯರ ಪಟ್ಟಿಯಿಂದಲೇ ಅವರ ಹೆಸರು ಮರೆಯಾಗುತ್ತದೆ. ಧ್ವನಿಯನ್ನು ತುಸು ತಗ್ಗಿಸುವುದು, ಪಕ್ಕದಲ್ಲಿ ಸದ್ದಿಲ್ಲದ ಒಂದು ಕೋಣೆಯನ್ನು ತೆರೆದಿಡುವುದು, ಅಂದಿನ ಕಾರ್ಯಕ್ರಮಗಳ ಅನುಕ್ರಮವನ್ನು ಮೊದಲೇ ಚಿತ್ರಸಹಿತ ತಿಳಿಸುವುದು, ಮಗು ಓಡಾಡಿದರೆ ಸುಮ್ಮನಿರುವುದು, ಇವಕ್ಕೆ ಹೆಚ್ಚು ಹಣ ಬೇಕಿಲ್ಲ. ಮಕ್ಕಳು ಒಂದೂವರೆ ವರ್ಷವಾದರೂ ಬೆರಳಿಟ್ಟು ತೋರಿಸದಿದ್ದರೆ, ಕರೆದರೆ ತಿರುಗದಿದ್ದರೆ, ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಕಾಯದೆ ತಜ್ಞರಿಗೆ ತೋರಿಸಬೇಕೆಂಬ ತಿಳಿವಳಿಕೆಯನ್ನು ಸಂಘದ ಹಿರಿಯ ಸ್ತ್ರೀಯರು ಹರಡಬಹುದು. ಒಬ್ಬಿಬ್ಬರು ಸದಸ್ಯರು ವಾರಕ್ಕೊಮ್ಮೆ ಎರಡು ಗಂಟೆ ಮಗುವನ್ನು ನೋಡಿಕೊಂಡರೆ ಆ ತಾಯಿಗೆ ನಿದ್ದೆ ಸಿಗಬಹುದು.

ಹಾಗೆ ಬಂದ ಮಗು ಒಂದು ದಿನ ಹಾಡೀತು, ಲೆಕ್ಕ ಹೇಳೀತು, ಚಿತ್ರ ಬರೆದೀತು. ಆಗ ಎಲ್ಲರೂ ಕೂಡಿ ಸಂತೋಷಪಡೋಣ. ಏನೂ ಮಾಡದೆ ಮೂಲೆಯ ಕುರ್ಚಿಯಲ್ಲಿ ಕುಳಿತು ಬೆರಳುಗಳನ್ನು ಆಡಿಸುತ್ತ ಕನ್ನಡವನ್ನು ಕೇಳುತ್ತಿದ್ದರೂ ಆ ಕುರ್ಚಿ ಅದರದೇ. ಇಟ್ಟಿಗೆಗಳನ್ನು ಎಣಿಸಿ ತೋರಿಸಬೇಕೆಂದು ಯಾವ ಮಗುವಿಗೂ ಅಲ್ಲಿ ಅನ್ನಿಸದಿದ್ದರೆ ಸಂಘವು ತನ್ನ ಕೆಲಸವನ್ನು ಮಾಡಿತೆಂದು ತಿಳಿಯಬಹುದು.